ಚಳಿಗಾಲದ ಜಿರಳೆಗೆ ಜೆಲ್, ಬೋರಿಕ್ ಪುಡಿ, ಸ್ಪ್ರೇ: ಯಾವ ಮನೆಗೆ ಯಾವುದು?

ಡಿಸೆಂಬರ್, ಜನವರಿಯ ಮಡಿಕೇರಿ ಚಳಿಗೆ ಜಿರಳೆಗಳು ಬೆಚ್ಚಗಿನ ಮೂಲೆ ಹಿಡಿಯುತ್ತವೆ: ಫ್ರಿಜ್ಜಿನ ಮೋಟಾರು, ಬಚ್ಚಲ ಹಂಡೆಯ ಒಲೆ, ಪಕ್ಕದ ಸೌದೆ ರಾಶಿ. ಯಾವ ಮದ್ದಾದರೂ ಅಲ್ಲಿಗೇ ತಲುಪಬೇಕು.

ಖರ್ಚು ನೋಡಿದರೆ ಬೋರಿಕ್ (ಬೋರಿಕ್ ಆ್ಯಸಿಡ್) ಪುಡಿ ಅಗ್ಗ, ಬಾಳಿಕೆಯೂ ಅದರದ್ದೇ ಹೆಚ್ಚು. ಆದರೆ ಕಂಡೂ ಕಾಣದಷ್ಟು ತೆಳ್ಳಗೆ ಉದುರಿಸಬೇಕು. ಗುಡ್ಡೆ ಹಾಕಿದರೆ ಜಿರಳೆ ಅದನ್ನು ಮುಟ್ಟದೆ ಸುತ್ತಿಕೊಂಡು ಹೋಗುತ್ತದೆ. ಪುಡಿ ಒದ್ದೆಯಾದರೆ ಗಟ್ಟಿಕಟ್ಟಿ ಕೆಡುತ್ತದೆ. ಹಾಗಾಗಿ ಅಟ್ಟ, ಕಪಾಟಿನ ಹಿಂಬದಿಗೆ ಸರಿ, ಬಚ್ಚಲಿಗಲ್ಲ. ಅಂಬೆಗಾಲಿಡುವ ಮಗು, ನಾಯಿ, ಬೆಕ್ಕು ಇದ್ದರೆ ದಯವಿಟ್ಟು ಬೇಡ.

ಅಂಥ ಮನೆಯ ಅಡುಗೆಕೋಣೆಗೆ ಜೆಲ್ (ಜಿರಳೆ ತಿನ್ನುವ ವಿಷದ ಅಂಟು) ಮೇಲು, ಬೆಲೆ ಜಾಸ್ತಿಯಾದರೂ. ಕೈಗೆಟುಕದ ಕಡೆ, ಕಪಾಟಿನ ಕೀಲು, ಫ್ರಿಜ್ಜಿನ ಹಿಂದೆ, ಸಿಂಕಿನ ಕೆಳಗಿನ ಸಂದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಚುಕ್ಕಿಗಳನ್ನಿಡಿ. ತಿಂದ ಜಿರಳೆ ಅಡಗುತಾಣಕ್ಕೆ ಮರಳಿ ಸಾಯುತ್ತದೆ, ಅದರ ಹಿಕ್ಕೆ ತಿಂದ ಮರಿಗಳೂ ಸಾಯುತ್ತವೆ. ಕೆಲವು ದಿನ ಕಾಯಬೇಕು. ಹತ್ತಿರ ಸ್ಪ್ರೇ ಹೊಡೆದರೆ ಜಿರಳೆ ಜೆಲ್ ಮುಟ್ಟುವುದಿಲ್ಲ.

ಹುತ್ತರಿ ಹಬ್ಬಕ್ಕೆ ನೆಂಟರು ಬರುವ ಮುನ್ನ ಕಣ್ಣಿಗೆ ಬಿದ್ದವನ್ನು ಕೊಲ್ಲಲು ಸ್ಪ್ರೇ ಸಾಕು. ಮೊಟ್ಟೆಚೀಲ ಮಾತ್ರ ಉಳಿಯುತ್ತದೆ. ಉರಿಯುವ ಒಲೆಯ ಬಳಿ ಖಂಡಿತ ಹೊಡೆಯಬೇಡಿ.

ಸೌದೆಯನ್ನು ದಿನಕ್ಕೆ ಬೇಕಾದಷ್ಟೇ, ಕೊಡವಿ ಒಳಗೆ ತನ್ನಿ. ಕಾಫಿಯ ಗೋಣಿಚೀಲಗಳಿಗೂ ಇದೇ ಮಾತು.