ಮೂರು ವರ್ಷದ ಅನುಭವ: ಟಿಶ್ಯೂ ಕಲ್ಚರ್ ಜರ್ಬೆರಾ ಸಸಿಗಳು

ಶ್ರೀರಂಗಪಟ್ಟಣದ ಹತ್ತಿರ 500 ಚದರ ಮೀಟರಿನ ಪಾಲಿಹೌಸ್ ನಮ್ಮದು. ಮೂರು ವರ್ಷದಿಂದ ಟಿಶ್ಯೂ ಕಲ್ಚರ್ ಸಸಿ, ಅಂದರೆ ಲ್ಯಾಬಿನಲ್ಲಿ ಬಾಟಲಿಯೊಳಗೆ ಬೆಳೆಸಿದ ಸಸಿ ಹಾಕಿ ಜರ್ಬೆರಾ ಹೂ ಬೆಳೆಯುತ್ತಿದ್ದೇವೆ. ಹೂವೆಲ್ಲ ಮೈಸೂರಿನಲ್ಲಿ ಮದುವೆ ಮಂಟಪ ಅಲಂಕಾರ ಮಾಡುವವರಿಗೆ ಹೋಗುತ್ತದೆ.

ಮೊದಲು ಹಳೇ ಗಿಡದ ಬುಡ ಬಿಡಿಸಿ ನೆಡುತ್ತಿದ್ದೆವು. ಒಂದು ಗಿಡದಿಂದ ನಾಲ್ಕೈದು ಸಸಿ ಸಿಕ್ಕರೆ ಜಾಸ್ತಿ. ಬುಡದ ಜೊತೆ ಕೊಳೆರೋಗವೂ ಬರುತ್ತಿತ್ತು. ಲ್ಯಾಬ್ ಸಸಿ ಹಾಕಿದ ಮೇಲೆ ಆ ಕಷ್ಟ ತಪ್ಪಿತು. ಸಾಲಿಡೀ ಒಂದೇ ಎತ್ತರ, ಒಂದೇ ಬಣ್ಣ. ಎಂಬತ್ತು ದಿನದ ಆಸುಪಾಸಿನಲ್ಲಿ ಎಲ್ಲ ಒಟ್ಟಿಗೆ ಹೂ ಬಿಟ್ಟವು. ಮಂಟಪದವರಿಗೆ ಬೇಕಾಗಿರುವುದೂ ಅದೇ ಅಲ್ವಾ?

ಆದರೆ ಮೊದಲ ಸಲ ಬಂದ ಸಸಿಗಳಲ್ಲಿ 400ಕ್ಕೂ ಹೆಚ್ಚು ಕಳೆದುಕೊಂಡೆ. ಹಾರ್ಡನಿಂಗ್, ಅಂದರೆ ಹೊರಗಿನ ಗಾಳಿ ಬಿಸಿಲಿಗೆ ಸಸಿಯನ್ನು ಒಗ್ಗಿಸುವ ಕೆಲಸ, ಆಗಿದೆ ಎಂದು ಹೇಳಿಯೇ ಕೊಟ್ಟಿದ್ದರು. ಒಂದನ್ನು ಕಿತ್ತು ನೋಡಿದರೆ ಬಾಟಲಿಯಲ್ಲಿ ಸಸಿ ಬೆಳೆಸುವ ಅಗರ್ ಜೆಲ್ಲಿ ಬೇರಿಗೆ ಇನ್ನೂ ಅಂಟಿಕೊಂಡಿತ್ತು. ಮಾರ್ಚ್ ಬಿಸಿಲು. ಬೆಳಿಗ್ಗೆ ನೆಟ್ಟ ಸಸಿ ಮಧ್ಯಾಹ್ನಕ್ಕೆ ಬಾಡಿ ನೆಲಕ್ಕೆ ಒರಗಿತು. ನೋಡಲಾಗಲಿಲ್ಲ.

ಬಾಟಲಿಯೊಳಗೆ ಸದಾ ತೇವ, ಊಟಕ್ಕೆ ಸಕ್ಕರೆ ಸಿದ್ಧ. ಹಾಗಾಗಿ ಎಲೆಯ ಮೇಲೆ ಮೇಣದ ಪದರ ಸರಿಯಾಗಿ ಕೂತಿರುವುದಿಲ್ಲ, ಎಲೆಯ ಸಣ್ಣ ರಂಧ್ರಗಳಿಗೆ ಮುಚ್ಚಿಕೊಳ್ಳುವುದೂ ಬರುವುದಿಲ್ಲ. ಹೊರಗೆ ತಂದ ಕೂಡಲೇ ಒಳಗಿನ ನೀರೆಲ್ಲ ಹಾರಿಹೋಗುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಟ್ರೇಯಲ್ಲಿಟ್ಟು, ನೆರಳು ಬಲೆಯ ಕೆಳಗೆ ತೇವ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಕೆಲವು ವಾರ ಸಾಕಿದರೆ ಮಾತ್ರ ಗಿಡ ಗಟ್ಟಿಯಾಗುತ್ತದೆ. ನಾವು ದುಡ್ಡು ಕೊಡುವುದೇ ಈ ಸಾಕಣೆಗೆ.

ಎರಡನೇ ಸಲ ಬೇರೆ ಕಡೆ ಹೋಗಿ, ಟ್ರೇಯಿಂದ ನಾನೇ ಒಂದು ಸಸಿ ಎಳೆದು ನೋಡಿದೆ. ಬಿಳಿ ಬೇರು ಕೋಕೋಪೀಟನ್ನು ಮುಷ್ಟಿ ಹಿಡಿದ ಹಾಗೆ ಹಿಡಿದಿತ್ತು. ಆ ಸಸಿಗಳಲ್ಲಿ ಸತ್ತದ್ದು ಬೆರಳೆಣಿಕೆಯಷ್ಟು.

ಲ್ಯಾಬ್ ಸಸಿಗೆ ರೋಗವೇ ಬರುವುದಿಲ್ಲ ಎನ್ನುವವರ ಮಾತು ನಂಬಬೇಡಿ. ಸುಳಿ ಮಣ್ಣಿಗಿಂತ ಒಂದೆರಡು ಸೆಂಟಿಮೀಟರ್ ಮೇಲೇ ಇರಬೇಕು. ಒಂದು ಸಾಲಿನಲ್ಲಿ ಆಳುಗಳು ಸುಳಿ ಮುಚ್ಚಿ ನೆಟ್ಟರು, ಆ ಸಾಲು ಪೂರ್ತಿ ಕೊಳೆಯಿತು.

ಈಗ ಮೂರನೇ ವರ್ಷ. ಹೂ ಚಿಕ್ಕದಾಗಿದೆ, ದಂಟೂ ಗಿಡ್ಡ. ಗಿಡ ಬದಲಿಸುವ ಹೊತ್ತು ಬಂತು. ಹೊಸ ಸಸಿ ಆಷಾಢಕ್ಕೆ ಬರುವ ಹಾಗೆ ಹೇಳಿದ್ದೇನೆ. ಆಗ ಮದುವೆ ಇಲ್ಲ, ಹೂವಿಗೆ ಕೇಳುವವರೂ ಇಲ್ಲ. ಮೋಡದಲ್ಲಿ ಸಸಿ ಬೇಗ ಹಿಡಿಯುತ್ತದೆ, ಕಾರ್ತಿಕದ ಮದುವೆಗಳ ಹೊತ್ತಿಗೆ ಕೊಯ್ಲಿಗೆ ಸಿಗುತ್ತದೆ.