ಕೆಲಗೇರಿಯಿಂದ ಗೋಕುಲ ರೋಡಿಗೆ 38,000 ಕಿಲೋಮೀಟರ್: ನನ್ನ ಎಲೆಕ್ಟ್ರಿಕ್ ಸ್ಕೂಟರ್

2023ರ ಮೇ ಕೊನೆಯ ವಾರ ಈ ಗಾಡಿ ತಗೊಂಡೆ. ಜೂನ್ 1ರಿಂದ ಎಲೆಕ್ಟ್ರಿಕ್ ಗಾಡಿಗಳಿಗೆ ಕೇಂದ್ರ ಕೊಡೋ ಫೇಮ್ ಸಬ್ಸಿಡಿ ಕಡಿಮೆಯಾಗುತ್ತೆ, ಬ್ಯಾಟರಿ ಹಿಡಿಯೋ ಒಂದು ಯೂನಿಟ್ಟಿಗೆ, ಅಂದ್ರೆ ಒಂದು ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಇದ್ದದ್ದು 10,000ಕ್ಕೆ ಇಳಿಯುತ್ತೆ ಅಂತ ಸುದ್ದಿ ಬಂದಿತ್ತು. ಓಡಿಹೋಗಿ ಬುಕ್ ಮಾಡಿದೆ. ಎರಡು ವಾರ ಆಗಿರಲಿಲ್ಲ, ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಬಸ್ ಫ್ರೀ! ನಮ್ಮ ಅತ್ತೆ ಇವತ್ತಿಗೂ ಅದನ್ನು ಬಿಟ್ಟಿಲ್ಲ. "ಎರಡ ವಾರ ತಡದಿದ್ರ ಸವ್ವಾ ಲಕ್ಷ ಉಳೀತಿತ್ತಲ್ಲವಾ" ಅಂತಾರೆ.

ಬಸ್ಸಿನಲ್ಲಿ ಹೋಗಬಾರದು ಅಂತೇನಿಲ್ಲ. ನಮ್ಮ ಮನೆ ಧಾರವಾಡದ ಪಶ್ಚಿಮದ ಅಂಚು, ಕೆಲಗೇರಿ. ಕೆಲಸ ಹುಬ್ಬಳ್ಳಿಯ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಒಂದು ಸಣ್ಣ ಕಾರ್ಖಾನೆಯ ಲೆಕ್ಕ ಬರೆಯೋದು. ಅಂದ್ರೆ ಅವಳಿ ನಗರದ ಆ ತುದಿಯಿಂದ ಈ ತುದಿಗೆ. ಕೆಲಗೇರಿಯಿಂದ ಜುಬಿಲಿ ಸರ್ಕಲ್‌ಗೆ ಒಂದು ಬಸ್, ಅಲ್ಲಿಂದ ಹೊಸೂರಿಗೆ ಚಿಗರಿ (ಅಂದ್ರೆ ಜಿಂಕೆ) ಅನ್ನೋ ಹೆಸರಿನ ಬಸ್, ಅಲ್ಲಿಂದ ಗೋಕುಲ ರೋಡಿಗೆ ಇನ್ನೊಂದು. ನಡುವಿನ ಚಿಗರಿ ಮಾತ್ರ ಅಪ್ಪಟ ಚಿಗರಿಯೇ. ರಸ್ತೆ ಮಧ್ಯದ ತನ್ನದೇ ದಾರಿಯಲ್ಲಿ ಎಸಿ ಹಾಕ್ಕೊಂಡು ಓಡುತ್ತೆ. ತಾಪತ್ರಯ ಇರೋದು ಎರಡು ತುದಿಗಳಲ್ಲಿ. ಎರಡೂ ಕಡೆ ಕಾಯೋದು ಸೇರಿದ್ರೆ ನನಗೆ ಮುಕ್ಕಾಲು ಗಂಟೆ ಜಾಸ್ತಿ ಬೇಕು. ಸ್ಕೂಟರಿನಲ್ಲಿ ಒಂದು ಗಂಟೆಯೊಳಗೆ ಮುಟ್ಟುತ್ತೇನೆ. ಒಂದು ಕಡೆಗೆ 25 ಕಿಲೋಮೀಟರ್, ದಿನಕ್ಕೆ 50.

ಕಂಪನಿಯ ಹೆಸರು ಬೇಡ. ಹೆಚ್ಚುಕಡಿಮೆ 3 ಕಿಲೋವ್ಯಾಟ್ ಅವರ್ ಬ್ಯಾಟರಿಯ ಯಾವ ಗಾಡಿಗಾದ್ರೂ ಈ ಮಾತು ಹೊಂದುತ್ತೆ.

ಮೊದಲ ವರ್ಷ ನನಗೊಂದು ಒಗಟು ಇತ್ತು. ಬೆಳಗ್ಗೆ ಹುಬ್ಬಳ್ಳಿಗೆ ಹೋಗುವಾಗ ಚಾರ್ಜ್ ಕಡಿಮೆ ಖರ್ಚಾಗುತ್ತಿತ್ತು, ಸಂಜೆ ಬರುವಾಗ ಜಾಸ್ತಿ. ಅದೇ ರಸ್ತೆ, ಅದೇ ನಾನು, ಅದೇ ಊಟದ ಡಬ್ಬಿ. ಸಂಜೆ ಡಬ್ಬಿ ಖಾಲಿ ಬೇರೆ! ಧಾರವಾಡ ಹುಬ್ಬಳ್ಳಿಗಿಂತ ಸುಮಾರು 70-80 ಮೀಟರ್ ಎತ್ತರದಲ್ಲಿದೆ, ಏರಿನ ಕರಾಮತ್ತು ಇದು ಅಂದುಕೊಂಡೆ. ಆಫೀಸಿನಲ್ಲೂ ಎಲ್ಲರಿಗೂ ಹಾಗೇ ಹೇಳಿದೆ. ಆಮೇಲೆ ಲೆಕ್ಕದವಳ ಚಟ, ಡೈರಿಯಲ್ಲಿ ದಿನಾ ಬರೆಯೋಕೆ ಶುರು ಮಾಡಿದೆ. ಡಿಸೆಂಬರ್‌ನಲ್ಲಿ ಹೋಗೋಕೆ 28 ಪರ್ಸೆಂಟ್, ಬರೋಕೆ 29. ಜುಲೈನಲ್ಲಿ ಹೋಗೋಕೆ 24, ಬರೋಕೆ 37. ಏರು ಡಿಸೆಂಬರ್‌ನಲ್ಲಿ ಇಳಿದು ಜುಲೈನಲ್ಲಿ ಏರುತ್ತಾ?

ಅದು ಆಷಾಢದ ಗಾಳಿ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತೆ. ಹುಬ್ಬಳ್ಳಿಯಿಂದ ಧಾರವಾಡ ಇರೋದು ವಾಯವ್ಯಕ್ಕೆ. ಬೆಳಗ್ಗೆ ಗಾಳಿ ಬೆನ್ನು ತಳ್ಳುತ್ತೆ, ಸಂಜೆ ಎದೆಗೆ ಒದೆಯುತ್ತೆ. ನವಲೂರು ದಾಟಿದ ಮೇಲೆ ಕೆಲವು ಸಲ ಓಢಣಿ ಹೆಲ್ಮೆಟ್ ಒಳಗಿಂದ ಕಿತ್ತುಕೊಂಡು ಹೋಗುತ್ತೆ. ಮನೆಯಲ್ಲಿ ಮಗ ಪಿಯುಸಿ ಸೈನ್ಸ್. ಅವನ ಹತ್ತಿರ ಲೆಕ್ಕ ಹಾಕಿಸಿದೆ. ನನ್ನನ್ನೂ ಗಾಡಿಯನ್ನೂ ಸೇರಿಸಿ 200 ಕಿಲೋ ಹಿಡಿದರೂ, ಅಷ್ಟನ್ನು 75 ಮೀಟರ್ ಮೇಲಕ್ಕೆತ್ತೋಕೆ ಬ್ಯಾಟರಿಯ ಒಂದೂವರೆ-ಎರಡು ಪರ್ಸೆಂಟ್ ಸಾಕಂತೆ. ಗಾಳಿಯ ತಡೆ ಹಾಗಲ್ಲ, ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. 50ರ ವೇಗದಲ್ಲಿರುವಾಗ ಎದುರಿನಿಂದ 15ರ ಗಾಳಿ ಬಂದ್ರೆ ಗಾಡಿಯ ಪಾಲಿಗೆ ಅದು 65. ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ. ಈಗ ಜೂನ್‌ನಿಂದ ಆಗಸ್ಟ್‌ವರೆಗೆ ಸಂಜೆ 40 ದಾಟಿಸೋದಿಲ್ಲ. ಆರು ನಿಮಿಷ ತಡ ಆಗುತ್ತೆ, ಏಳೆಂಟು ಪರ್ಸೆಂಟ್ ಉಳಿಯುತ್ತೆ. ಷೋರೂಮಿನವರು 'ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್' ಅಂತ ಹೇಳ್ತಾರಲ್ಲ, ಯಾವ ದಿಕ್ಕಿಗೆ, ಯಾವ ತಿಂಗಳಲ್ಲಿ ಅಂತ ಕೇಳಿ ನೋಡಿ.

ಇನ್ನೊಂದು ವಿಷಯ. ಈ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಮೋಟರ್ ಉಲ್ಟಾ ಕೆಲಸ ಮಾಡಿ ಕರೆಂಟ್ ಹುಟ್ಟಿಸುತ್ತೆ, ಆ ಎಳೆತಕ್ಕೇ ಗಾಡಿ ನಿಧಾನ ಆಗುತ್ತೆ. ಆದರೆ ರಾತ್ರಿಯಿಡೀ ಚಾರ್ಜಿಗೆ ಹಾಕಿ 100 ಮಾಡಿಕೊಂಡು ಹೊರಟರೆ ಮೊದಲ ನಾಲ್ಕೈದು ಕಿಲೋಮೀಟರ್ ಆಕ್ಸಿಲರೇಟರ್ ಬಿಟ್ಟರೂ ಗಾಡಿ ನಿಧಾನ ಆಗಲ್ಲ. ತುಂಬಿದ ಬ್ಯಾಟರಿ ಇಳಿಜಾರಿನಲ್ಲಿ ಹುಟ್ಟೋ ಕರೆಂಟನ್ನು ಒಳಗೆ ತಗೊಳ್ಳೋದಿಲ್ಲ, ತುಂಬಿದ ಕೊಡಕ್ಕೆ ನೀರು ಹಾಕಿದ ಹಾಗೆ. ನನಗೆ ಇಳಿಜಾರು ಸಿಗೋದೇ ಬೆಳಗ್ಗೆ! ಈಗ 90ಕ್ಕೆ ಪ್ಲಗ್ ಕಿತ್ತುಬಿಡುತ್ತೇನೆ. ಬ್ರೇಕ್ ಪ್ಯಾಡ್ ಕೂಡ ಮೊದಲಿಗಿಂತ ಜಾಸ್ತಿ ದಿನ ಬಾಳ್ತಾ ಇದೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಹಳೆ ಪೆಟ್ರೋಲ್ ಸ್ಕೂಟರ್ ತಿಂಗಳಿಗೆ 2,800 ರೂಪಾಯಿ ಕುಡಿಯುತ್ತಿತ್ತು. ಇದು ತಿಂಗಳಿಗೆ ಸುಮಾರು 55 ಯೂನಿಟ್ ತಿನ್ನುತ್ತೆ. ಆದರೆ ಇಲ್ಲೊಂದು ಕೊಕ್ಕೆ ಇದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಅಂತ ನಾವು ಮಾತಾಡ್ತೀವಿ, ಅದು ಎಲ್ಲರಿಗೂ 200 ಅಲ್ಲ. ನಮ್ಮಂಥ ಮನೆಗೆ 2022-23ರ ಸರಾಸರಿ, ಅದರ ಮೇಲೆ ಶೇಕಡಾ 10, ಅಷ್ಟೇ ಪಾಲು. ನಮ್ಮ ಸರಾಸರಿ 68 ಇತ್ತು, ಹಾಗಾಗಿ 75ರ ತನಕ ಫ್ರೀ. ಸ್ಕೂಟರ್ ಮನೆಗೆ ಬಂದದ್ದು ಆ ವರ್ಷ ಮುಗಿದ ಮೇಲೆ. ಅದು ತಿನ್ನೋದೆಲ್ಲಾ ನಮ್ಮ ಜೇಬಿನಿಂದ. ಬಸ್ ಫ್ರೀ ಆದಾಗ ನಾನು ಗಾಡಿ ತಗೊಂಡಿದ್ದೆ, ಕರೆಂಟ್ ಫ್ರೀ ಆದಾಗ ಗಾಡಿಯ ಲೆಕ್ಕ ಹಿಡಿಯಲಿಲ್ಲ. ನನ್ನ ಹಣೆಬರಹ ನೋಡಿ! ಆದ್ರೂ ಬಿಲ್ 350ರ ಆಸುಪಾಸು ಬರುತ್ತೆ, ಪೆಟ್ರೋಲಿಗೆ ಹೋಲಿಸಿದ್ರೆ ಏನೂ ಅಲ್ಲ. ಹಿಂದಿನ ಟೈರ್ 22,000ಕ್ಕೆ ಹೋಯಿತು. ಮುಂದಿನದು ಇನ್ನೂ ಅದೇ ಇದೆ.

ಕೈಕೊಟ್ಟದ್ದು ಮೂರು ಸಲ. ಎರಡು ಸಣ್ಣವು, ಬಿಡಿ. ಮೂರನೆಯದು ಹೋದ ವರ್ಷದ ಮಳೆಗಾಲದಲ್ಲಿ. ಹಿಂದಿನ ಸಂಜೆ ಟೋಲ್ ನಾಕಾ ಹತ್ತಿರ ನಿಂತ ನೀರಿನಲ್ಲಿ ಬಂದಿದ್ದೆ, ಗಾಡಿ ಏನೂ ತಕರಾರು ಮಾಡಿರಲಿಲ್ಲ. ಮರುದಿನ ಬೆಳಗ್ಗೆ ಉಣಕಲ್ ಕ್ರಾಸ್ ಸಿಗ್ನಲ್ ಹಸಿರಾಯಿತು, ಗಾಡಿ ಅಲುಗಲಿಲ್ಲ. ಪರದೆ ಮೇಲೆ ಸೈಡ್ ಸ್ಟ್ಯಾಂಡ್ ಗುರುತು ಕೆಂಪಗೆ ಮಿಣುಕ್ತಾ ಇದೆ. ಸ್ಟ್ಯಾಂಡ್ ನೋಡಿದ್ರೆ ಮೇಲೇ ಇದೆ. ಹಿಂದೆ ಹಾರ್ನೋ ಹಾರ್ನು. ತಳ್ಳಿಕೊಂಡು ಬದಿಗೆ ತಂದೆ. ಗಿರ್ಮಿಟ್ ಗಾಡಿಯವರು ಒಬ್ಬರು ಆಗಷ್ಟೇ ಚುರಮುರಿ ಚೀಲ ಇಳಿಸ್ತಾ ಇದ್ದರು.

"ಯಾಕ್ರೀ ಅಕ್ಕಾರ, ಬ್ಯಾಟರಿ ಮುಗೀತೇನ್ರೀ?"

"ಬ್ಯಾಟರಿ ಐತ್ರೀ ಅಣ್ಣಾರ, ಸ್ಟ್ಯಾಂಡ್ ಕೆಳಗೈತಿ ಅಂತ ಸುಳ್ಳ ಹೇಳಾಕತ್ತೈತಿ."

ಅವರು ಬಗ್ಗಿ ನೋಡಿದರು. ಸ್ಟ್ಯಾಂಡಿನ ಬುಡದಲ್ಲಿ ಎರೆಮಣ್ಣು ಒಣಗಿ ಕಲ್ಲಾಗಿತ್ತು. ಸ್ಟ್ಯಾಂಡ್ ಕೆಳಗಿದ್ರೆ ಗಾಡಿ ಹೊರಡದ ಹಾಗೆ ತಡೆಯೋ ಹೆಸರುಕಾಳಿನಷ್ಟು ಸೆನ್ಸಾರ್ ಇರೋದು ಅಲ್ಲೇ. ಅವರು ಒಂದು ತಂಬಿಗೆ ನೀರು ಹೊಯ್ದರು, ಈರುಳ್ಳಿ ಹೆಚ್ಚೋ ಚಾಕುವಿನ ಹಿಡಿಯಿಂದ ಮಣ್ಣು ಕೆದರಿದರು, ಸ್ಟ್ಯಾಂಡನ್ನು ನಾಲ್ಕು ಸಲ ಕೆಳಗೆ ಮೇಲೆ ಮಾಡಿದರು. ಕೆಂಪು ಗುರುತು ಹೋಯಿತು. "ಎತ್ತಿನ ಗೊರಸ ತೊಳದಂಗ ದಿನಾ ತೊಳೀರಿ" ಅಂದರು. ಅವತ್ತಿನಿಂದ ಡಿಕ್ಕಿಯಲ್ಲಿ ಒಂದು ಹಳೆ ಹಲ್ಲುಜ್ಜೋ ಬ್ರಷ್ ಇದೆ.

ಸರ್ವಿಸ್ ಸೆಂಟರ್‌ನವರಿಗೆ ಇದನ್ನು ಹೇಳಿದ್ರೆ ಸೆನ್ಸಾರ್ ಬದಲಿಸೋಣ ಅಂದರು. ಬಿಡಿಭಾಗ ಬರೋಕೆ 19 ದಿನ. ಹುಡುಗರು ಒಳ್ಳೆಯವರು, ಆದರೆ ಅವರ ಕೈಯಲ್ಲಿ ಲ್ಯಾಪ್‌ಟಾಪ್ ಇದೆ, ಸಾಮಾನು ಇಲ್ಲ. ನಮ್ಮ ಓಣಿಯ ಮಿಸ್ತ್ರಿ ಇದನ್ನು ಮುಟ್ಟೋದೇ ಇಲ್ಲ. ಪೆಟ್ರೋಲ್ ಗಾಡಿ ಬಿಟ್ಟು ಬರುವವರು ಇದೊಂದನ್ನು ಮಾತ್ರ ಸರಿಯಾಗಿ ಯೋಚಿಸಿ. ಆ 19 ದಿನವೂ ಬ್ರಷ್ ಹಿಡ್ಕೊಂಡೇ ಓಡಿಸಿದೆ. ಜೋರು ಮಳೆ ಇದ್ದ ದಿನ ಜುಬಿಲಿ ಸರ್ಕಲ್ ಹತ್ತಿರ ಪರಿಚಯದವರ ಮನೆಯಲ್ಲಿ ಗಾಡಿ ಬಿಟ್ಟು ಚಿಗರಿ ಹತ್ತುತ್ತಿದ್ದೆ. ಈಗಲೂ ಅದೇ ಪದ್ಧತಿ. ಧಾರವಾಡದಲ್ಲಿ ಜಿಟಿಜಿಟಿ ಹಿಡಿದಿದ್ದರೂ ನವನಗರ ದಾಟೋ ಹೊತ್ತಿಗೆ ಎಷ್ಟೋ ಸಲ ಬಿಸಿಲು ಬಿದ್ದಿರುತ್ತೆ, ಆಗ ಮಾತ್ರ ಹೊಟ್ಟೆ ಉರಿಯುತ್ತೆ.

ಬ್ಯಾಟರಿ ಇಳಿದಿದೆ. ಹೊಸದರಲ್ಲಿ ಪೂರ್ತಿ ಚಾರ್ಜಿಗೆ 85 ಕಿಲೋಮೀಟರ್ ಬರುತ್ತಿತ್ತು, ಈಗ 73-74. ಹೋಗಿಬರೋಕೆ ಸಾಕು. ವಾಪಸ್ ಬರುವಾಗ ಲೈನ್ ಬಜಾರ್‌ಗೆ ಪೇಢೆ ತರೋಕೆ ಹೊರಳಿದ್ರೂ ಸಾಕು. ಆದರೆ ಆಷಾಢದಲ್ಲಿ ಮನೆ ಮುಟ್ಟಿದಾಗ ಪರದೆ ಮೇಲೆ 20ರ ಆಸುಪಾಸು ನೋಡಿದ್ರೆ ಎದೆ ಸ್ವಲ್ಪ ಢವಢವ ಅನ್ನುತ್ತೆ. ಆಫೀಸಿನಲ್ಲಿ ಸಾಹುಕಾರರು ಶೆಡ್ಡಿನ ಪ್ಲಗ್ ಬಳಸೋಕೆ ಬಿಟ್ಟಿದ್ದಾರೆ, ಮಧ್ಯಾಹ್ನ ಒಂದು ತಾಸು ಮಾತ್ರ. ವೆಲ್ಡಿಂಗ್ ಹುಡುಗ ಒಬ್ಬನೂ ಇಂಥದ್ದೇ ಗಾಡಿ ತಂದಿದ್ದಾನೆ, ಈಗ ಪಾಳಿ ಹಚ್ಚಿದ್ದೇವೆ. ಸೋಮವಾರ ಬುಧವಾರ ಶುಕ್ರವಾರ ನನ್ನದು.

ವಾರಂಟಿ ಮೂರು ವರ್ಷ ಅಥವಾ 50,000 ಕಿಲೋಮೀಟರ್, ಯಾವುದು ಮೊದಲೋ ಅದು. ಬರುವ ಮೇಗೆ ಮುಗಿಯುತ್ತೆ. ಅಷ್ಟರೊಳಗೆ ಬ್ಯಾಟರಿ ಪರೀಕ್ಷೆ ಮಾಡಿಸಿ, ಎಷ್ಟು ಉಳಿದಿದೆ ಅಂತ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಬರಬೇಕು. ಬಾಯಿಮಾತಿಗೆ ಒಪ್ಪಲ್ಲ ನಾನು. ಡೈರಿಯನ್ನೂ ತಗೊಂಡೇ ಹೋಗ್ತೀನಿ.