‘ಒಂದೇ ಆರ್ಡರ್‌ನಲ್ಲಿ ಎಲ್ಲಾ ಆಗುತ್ತೆ’ ಅನ್ನುವವರಿಗೆ ಮುಂಗಡ ಕೊಡಬೇಡಿ

ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದು, ಬ್ಯಾಂಕಿನವರು ‘ಕೋರ್ಟ್ ಆರ್ಡರ್ ತನ್ನಿ’ ಅಂದಿದ್ದರೆ ದಯವಿಟ್ಟು ಇದನ್ನು ಓದಿ. ಆಲೂರು ತಾಲ್ಲೂಕಿನ ನಮ್ಮ ತವರುಮನೆಯಲ್ಲಿ ಆಗಿದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಅಪ್ಪ ಬಿಟ್ಟು ಹೋಗಿದ್ದು ಜಾಸ್ತಿ ಏನಿಲ್ಲ. ಸ್ವಲ್ಪ ಕಾಫಿ ತೋಟ, ಒಂದಿಷ್ಟು ಗದ್ದೆ, ಹಾಸನದ ಒಂದು ಬ್ಯಾಂಕಿನಲ್ಲಿ ಎಸ್‌ಬಿ ಖಾತೆ, ಎರಡು ಎಫ್‌ಡಿ. ಎಸ್‌ಬಿ ಖಾತೆಗೆ ಅಮ್ಮನೇ ನಾಮಿನಿ. ಎಫ್‌ಡಿ ಎರಡಕ್ಕೂ ನಾಮಿನಿ ಕಾಲಂ ಖಾಲಿ. ಶುಂಠಿ ದುಡ್ಡು ಬಂದಾಗ ಇಟ್ಟಿದ್ದು. ವರ್ಷ ವರ್ಷ ತಾನಾಗೇ ರಿನ್ಯೂ ಆಗ್ತಾ ಇತ್ತು, ಆ ಕಾಲಂ ಕಡೆ ಯಾರೂ ನೋಡಿರಲಿಲ್ಲ.

ಕಾರ್ಯ ಎಲ್ಲ ಮುಗಿದ ಮೇಲೆ ತಮ್ಮ ಬ್ಯಾಂಕಿಗೆ ಹೋದ. ಕೌಂಟರಿನಲ್ಲಿದ್ದವರು ಪಾಸ್‌ಬುಕ್ ತೆರೆದೂ ನೋಡದೆ ‘ಎಲ್ಲದಕ್ಕೂ ಸಕ್ಸೆಷನ್ ಸರ್ಟಿಫಿಕೇಟ್ ಬೇಕು’ ಅಂದರು. ಬರೀ ಬಾಯಿಮಾತು. ಕಾಗದದಲ್ಲಿ ಏನೂ ಇಲ್ಲ.

ಆಮೇಲೆ ಊರಿನವರೊಬ್ಬರು ಒಬ್ಬ ಮಧ್ಯವರ್ತಿಯನ್ನು ತೋರಿಸಿದರು. ವಕೀಲನೂ ಅಲ್ಲ, ಲೈಸೆನ್ಸ್ ಇರುವ ಪತ್ರ ಬರಹಗಾರನೂ ಅಲ್ಲ. ಜೆರಾಕ್ಸ್ ಅಂಗಡಿ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ‘ಫೈಲ್ ಮಾಡಿಸಿಕೊಡುವ’ ಆಸಾಮಿ. ‘ತೋಟ, ಬ್ಯಾಂಕು ಎಲ್ಲಾ ಒಂದೇ ಆರ್ಡರ್‌ನಲ್ಲಿ ಮಾಡಿಸಿಬಿಡೋಣ ಗೌಡ್ರೇ, ನೀವು ಕೋರ್ಟ್ ಮೆಟ್ಟಿಲೂ ಹತ್ತೋದು ಬೇಡ’ ಅಂದ. ಮುಂಗಡ ಇಸ್ಕೊಂಡ. ರಸೀದಿ ಕೇಳಿದ್ದಕ್ಕೆ ನಕ್ಕ.

ಮೊದಲ ಸುಳ್ಳು ಇಲ್ಲೇ ಇದೆ. ಸಕ್ಸೆಷನ್ ಸರ್ಟಿಫಿಕೇಟ್ ಅನ್ನೋದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ ಕೋರ್ಟ್ ಕೊಡುವ ಪತ್ರ. ತೀರಿಕೊಂಡವರಿಗೆ ಬರಬೇಕಾದ ಹಣ, ಷೇರು, ಬಾಂಡು, ಇಂಥವಕ್ಕೆ ಮಾತ್ರ ಅದು ನಡೆಯುತ್ತೆ. ಜಮೀನಿಗೆ ಅದರಿಂದ ಏನೂ ಆಗಲ್ಲ. ಜಮೀನಿಗೆ ಬೇಕಾಗಿರೋದು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸೋದು, ಅದು ಕಂದಾಯ ಇಲಾಖೆಯ ಕೆಲಸ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದುಕೊಂಡು ನಾಡಕಚೇರಿಗೆ ಹೋಗಬೇಕು. ವಾರಸುದಾರರ ನಡುವೆ ಜಗಳ ಇಲ್ಲ ಅಂದ್ರೆ ಅದಕ್ಕೆ ಕೋರ್ಟಿನ ಗೊಡವೆಯೇ ಇಲ್ಲ.

ಇದಾದರೂ ಹೋಗಲಿ, ಬರೀ ದುಡ್ಡಿನ ನಷ್ಟ. ಆಮೇಲೆ ಆಗಿದ್ದು ಅಮ್ಮನನ್ನು ಕಟಕಟೆಗೆ ತರುವಂಥದ್ದು.

ಅರ್ಜಿಗೆ ಸಹಿ ಹಾಕಿಸೋಕೆ ಅವನು ಮನೆಗೆ ಬಂದಾಗ ತಂದಿದ್ದು ಕೊನೇ ಹಾಳೆ, ಮತ್ತೆ ಒಂದು ವಕಾಲತ್ತು (ವಕೀಲರಿಗೆ ಕೇಸು ನಡೆಸೋಕೆ ಅಧಿಕಾರ ಕೊಡುವ ಪತ್ರ). ‘ಮೇಲಿಂದೆಲ್ಲಾ ಟೈಪ್ ಆಗ್ತಾ ಇದೆ ಅಮ್ಮಾ’ ಅಂದನಂತೆ. ಅಮ್ಮ ಸಹಿ ಹಾಕಿದರು. ಅರ್ಜಿಯ ಪೂರ್ತಿ ಪ್ರತಿ ತಮ್ಮನ ಕೈಗೆ ಸಿಕ್ಕಿದ್ದು ಎಷ್ಟೋ ದಿನ ಆದಮೇಲೆ. ಓದಿದವನೇ ನನಗೆ ಫೋನ್ ಮಾಡಿದ. ‘ಅಕ್ಕ, ಇದ್ರಲ್ಲಿ ನಿನ್ ಹೆಸರೇ ಇಲ್ವಲ್ಲೇ.’

ನನ್ನದಷ್ಟೇ ಅಲ್ಲ, ಅಜ್ಜಿ ಹೆಸರೂ ಇರಲಿಲ್ಲ. ‘ಅರ್ಜಿದಾರರಿಬ್ಬರ ಹೊರತು ಮೃತರಿಗೆ ಬೇರೆ ಯಾವುದೇ ವಾರಸುದಾರರು ಇರುವುದಿಲ್ಲ’ ಅಂತ ಟೈಪ್ ಮಾಡಿದ್ದರು. ಕೆಳಗೆ ಅಮ್ಮನ ಸಹಿ. ಅದೇ ಅರ್ಜಿಗೆ ಲಗತ್ತಿಸಿದ ವಂಶವೃಕ್ಷದಲ್ಲಿ ನಾವು ನಾಲ್ಕೂ ಜನ ಇದ್ದೀವಿ! ಕೇಳಿದರೆ ಅವನ ಉತ್ತರ: ‘ಮದುವೆಯಾಗಿ ಹೋದವರನ್ನ, ವಯಸ್ಸಾದವರನ್ನ ಯಾಕೆ ಎಳೀತೀರ? ಜನ ಜಾಸ್ತಿ ಆದ್ರೆ ಕೇಸು ಉದ್ದ ಆಗುತ್ತೆ.’

ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ, ವಿಲ್ ಬರೆಯದೆ ಗಂಡಸು ತೀರಿಕೊಂಡರೆ ಅವನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಹೆತ್ತ ತಾಯಿ ಎಲ್ಲರೂ ಮೊದಲ ದರ್ಜೆಯ ವಾರಸುದಾರರು. ಅಪ್ಪ ಸ್ವಂತ ದುಡಿದು ಇಟ್ಟ ಎಫ್‌ಡಿಯಲ್ಲಿ ಅಮ್ಮ, ತಮ್ಮ, ನಾನು, ಅಜ್ಜಿ ನಾಲ್ವರಿಗೂ ಸಮಪಾಲು. ಮದುವೆಯಾಗಿದೆಯೋ ಇಲ್ಲವೋ ಲೆಕ್ಕಕ್ಕಿಲ್ಲ. (ಮುಸ್ಲಿಮರಿಗೆ, ಕ್ರೈಸ್ತರಿಗೆ ಪಾಲಿನ ಕಾನೂನು ಬೇರೆ.) ತಾಯಿ ಬದುಕಿದ್ದಾಗಲೇ ಮಗ ಹೋದರೆ ತಾಯಿಗೂ ಪಾಲಿದೆ ಅನ್ನೋದನ್ನ ನಮ್ಮ ಕಡೆ ಓದಿಕೊಂಡವರೂ ಮರೆಯುತ್ತಾರೆ. ಆಮೇಲೆ ಅಜ್ಜಿ ಹೋದರೆ ಆ ಪಾಲು ಚಿಕ್ಕಪ್ಪ, ಅತ್ತೆಯರ ತನಕ ಹೋಗುತ್ತೆ. ಜಗಳ ಹುಟ್ಟೋದೇ ಅಲ್ಲಿ.

ವಾರಸುದಾರರನ್ನು ಮುಚ್ಚಿಟ್ಟು ತಗೊಂಡ ಸರ್ಟಿಫಿಕೇಟನ್ನು ಆಗಲೇ ಹೇಳಿದ 1925ರ ಕಾಯ್ದೆಯ 383ನೇ ಸೆಕ್ಷನ್ ಪ್ರಕಾರ ಕೋರ್ಟ್ ರದ್ದು ಮಾಡಬಹುದು. ಅರ್ಜಿಯಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದರೆ ಅದು ಅಪರಾಧ ಅಂತ 372ನೇ ಸೆಕ್ಷನ್‌ನಲ್ಲೇ ಇದೆ. ಸಿಕ್ಕಿಬೀಳೋದು ಯಾರು? ಸಹಿ ಹಾಕಿದ ಅಮ್ಮ. ಕುರ್ಚಿ ಹಾಕಿಕೊಂಡು ಕೂತವನ ಹೆಸರು ಆ ಫೈಲಿನಲ್ಲಿ ಎಲ್ಲೂ ಇಲ್ಲ. ನನಗೆ ಇವತ್ತಿಗೂ ಮೈ ಉರಿಯೋದು ಇದಕ್ಕೇ.

ಇನ್ನು ಷೆಡ್ಯೂಲ್. ಅಂದರೆ ಯಾವ ಯಾವ ಹಣಕ್ಕೆ ಸರ್ಟಿಫಿಕೇಟ್ ಬೇಕು ಅನ್ನೋ ಪಟ್ಟಿ. ಅದರಲ್ಲಿ ಒಂದು ಎಫ್‌ಡಿ ಬಿಟ್ಟೇ ಹೋಗಿತ್ತು. ಇನ್ನೊಂದರ ನಂಬರಿನಲ್ಲಿ ಎರಡು ಅಂಕಿ ಅದಲುಬದಲು. ನಾಮಿನಿ ಇರೋದರಿಂದ ಬೇಡವೇ ಬೇಡದ ಎಸ್‌ಬಿ ಖಾತೆ ಮಾತ್ರ ಮೊದಲ ಸಾಲಿನಲ್ಲೇ ಕೂತಿತ್ತು. ಕೋರ್ಟ್ ಫೀಯನ್ನು ಷೆಡ್ಯೂಲಿನ ಮೊತ್ತದ ಮೇಲೆ ಹಾಕುತ್ತಾರೆ, ಹಾಗಾಗಿ ಬೇಡದ್ದನ್ನು ಸೇರಿಸಿದರೆ ಸುಮ್ನೆ ಫೀ ದಂಡ. ಬೇಕಾದ್ದನ್ನು ಬಿಟ್ಟರೆ ಬ್ಯಾಂಕಿನವರು ಆ ದುಡ್ಡು ಕೊಡಲ್ಲ, 376ನೇ ಸೆಕ್ಷನ್ ಕೆಳಗೆ ಅದನ್ನೂ ಸೇರಿಸಿ ಅಂತ ಮತ್ತೆ ಅರ್ಜಿ ಹಾಕಬೇಕು.

‘ಜಡ್ಜ್ ರಜಾ, ಅದಕ್ಕೇ ವಾಯಿದೆ’ ಅಂತ ಅವನು ಹೇಳ್ತಾನೇ ಇದ್ದ. ಇಂಥವರಿಂದ ಕೇಸಿನ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ನಂಬರ್) ಇಸ್ಕೊಳ್ಳಿ, 16 ಅಕ್ಷರ-ಅಂಕಿ ಇರುತ್ತೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ಗೆ ಹಾಕಿದರೆ ಯಾವ ದಿನ ಏನಾಯ್ತು ಅಂತ ಕಾಣುತ್ತೆ. ನಮ್ಮದರಲ್ಲಿ ಜಡ್ಜ್ ರಜಾ ಅಂತ ಒಂದು ಕಡೆಯೂ ಇರಲಿಲ್ಲ. ಅರ್ಜಿದಾರರ ಕಡೆಯಿಂದ ಮುಂದಿನ ಕ್ರಮ ತೆಗೆದುಕೊಂಡಿಲ್ಲ ಅಂತ ಇತ್ತು. ಆಕ್ಷೇಪಣೆ ಇದ್ದವರು ಹೇಳಲಿ ಅಂತ ಹಾಕಿಸಬೇಕಾದ ಪೇಪರ್ ಪ್ರಕಟಣೆಗೆ ಅಂತ ದುಡ್ಡು ತಗೊಂಡವನು ಅದನ್ನು ಕೊಟ್ಟೇ ಇರಲಿಲ್ಲ.

ನಮಗೆ ದಾರಿ ಸಿಕ್ಕಿದ್ದು ಹಾಸನದ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ಅಮ್ಮನಿಗೆ ಕೊಟ್ಟ ವಕೀಲೆ ಹಳೇ ಅರ್ಜಿ ವಾಪಸ್ ತೆಗೆಸಿ, ನಾಲ್ವರ ಹೆಸರೂ ಹಾಕಿ ಹೊಸದು ಹಾಕಿದರು. ನಾನು, ಅಜ್ಜಿ ಆಕ್ಷೇಪಣೆ ಇಲ್ಲ ಅಂತ ಬರೆದುಕೊಟ್ಟೆವು. ‘ನನ್ ಮಗನ ದುಡ್ಡು ನಂಗ್ಯಾಕವ್ವ’ ಅಂತಲೇ ಅಜ್ಜಿ ಹೆಬ್ಬೆಟ್ಟು ಒತ್ತಿತು. ಜನ ಜಾಸ್ತಿ ಆಗಿದ್ದಕ್ಕೆ ಕೇಸೇನೂ ಉದ್ದ ಆಗಲಿಲ್ಲ.

ಎಸ್‌ಬಿ ಖಾತೆ ವಿಷಯ. ನಾಮಿನಿ ಇದ್ದರೆ ಸಕ್ಸೆಷನ್ ಸರ್ಟಿಫಿಕೇಟ್ ಕೇಳಬಾರದು ಅಂತ ಆರ್‌ಬಿಐ 2005ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ತಮ್ಮ ‘ಯಾವ ನಿಯಮದಡಿ ಕೇಳ್ತಿದ್ದೀರಿ, ಬರೆದು ಕೊಡಿ’ ಅಂತ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಂಡ ಮೇಲೆ ದುಡ್ಡು ಬಂತು. ನಾಮಿನಿಗೆ ಬಂದ ಹಣ ನಾಮಿನಿಯ ಸ್ವಂತದ್ದಲ್ಲ, ವಾರಸುದಾರರ ಪರವಾಗಿ ಕೈಗೆ ಬಂದಿದ್ದು, ಇದೂ ನೆನಪಿರಲಿ.

ನಾಮಿನಿ ಇಲ್ಲದವರಿಗೂ ಈಗ ಸ್ವಲ್ಪ ಹಗುರ. 2025ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಹೊರಡಿಸಿದ ನಿರ್ದೇಶನದ ಪ್ರಕಾರ 15 ಲಕ್ಷದವರೆಗೆ (ಸಹಕಾರಿ ಬ್ಯಾಂಕಾದರೆ 5 ಲಕ್ಷ), ತಕರಾರು ಇಲ್ಲದಿದ್ದರೆ, ಇಂಡೆಮ್ನಿಟಿ ಬಾಂಡ್ (ಮುಂದೆ ತಕರಾರು ಬಂದರೆ ನಷ್ಟ ತುಂಬಿಕೊಡ್ತೀವಿ ಅನ್ನೋ ಬರಹ) ಮತ್ತು ಉಳಿದ ವಾರಸುದಾರರ ಒಪ್ಪಿಗೆ ಪತ್ರ ತಗೊಂಡು ಹಣ ಕೊಡಬೇಕು. ಜಾರಿಗೆ ತರಲು ಕೊಟ್ಟ ಕೊನೇ ದಿನ 2026ರ ಮಾರ್ಚ್ 31. ಕಾಗದಪತ್ರ ಎಲ್ಲಾ ಕೊಟ್ಟ ಮೇಲೆ 15 ದಿನದೊಳಗೆ ಇತ್ಯರ್ಥ ಆಗಬೇಕು, ತಡವಾದರೆ ಬ್ಯಾಂಕೇ ಬಡ್ಡಿ ಸೇರಿಸಿ ಕೊಡಬೇಕು. ಶಾಖೆಯವರು ದೂರಿಗೆ 30 ದಿನದಲ್ಲಿ ಉತ್ತರ ಕೊಡದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೆಯಬಹುದು. ನಮ್ಮ ಎಫ್‌ಡಿಗಳ ಹೊತ್ತಿಗೆ ಈ ನಿಯಮ ಇರಲಿಲ್ಲ.

ಬೇಲೂರು ಕಡೆಯ ನಮ್ಮ ನೆಂಟರಿಗೆ ಇನ್ನೊಬ್ಬ ಇಂಥದೇ ಗಿರಾಕಿ ‘ವಿಲ್ ಇದ್ರೆ ಪ್ರೊಬೇಟ್ ಮಾಡಿಸಲೇಬೇಕು’ ಅಂತ ಹೆದರಿಸಿದ್ದ. ಪ್ರೊಬೇಟ್ ಅಂದರೆ ವಿಲ್ ಅಸಲಿ ಅಂತ ಕೋರ್ಟ್ ಕೊಡುವ ದೃಢೀಕರಣ. ಪ್ರೊಬೇಟ್ ಕಡ್ಡಾಯ ಅನ್ನೋ ಮಾತು ಹುಟ್ಟಿದ್ದು ಕಲ್ಕತ್ತಾ, ಮದ್ರಾಸು, ಬೊಂಬಾಯಿಗೆ ಸಂಬಂಧಿಸಿದ ಹಳೇ ಕಾನೂನಿನಿಂದ. ಹಾಸನದಲ್ಲಿ ಬರೆದ, ಹಾಸನದಲ್ಲೇ ಇರುವ ಆಸ್ತಿಯ ವಿಲ್‌ಗೆ ಅದು ಕಡ್ಡಾಯ ಅಲ್ಲ. ವಿಲ್ ಬಗ್ಗೆ ಯಾರಾದರೂ ತಕರಾರು ಎತ್ತಿದರೆ ಆಗ ಕೋರ್ಟಿನ ಮಾತು.

ಎಫ್‌ಡಿ ಹಣ ಬಂತು. ಪೌತಿ ಖಾತೆ ಇನ್ನೂ ನಡೀತಾ ಇದೆ. ಪಹಣಿಯಲ್ಲಿ ಅಪ್ಪನ ಹೆಸರಿನ ಕೊನೆಗೆ ಗೌಡ ಇದೆ, ಆಧಾರ್‌ನಲ್ಲಿ ಇಲ್ಲ, ಮರಣ ಪ್ರಮಾಣಪತ್ರ ಆಧಾರ್ ನೋಡಿಕೊಂಡು ಮಾಡಿದ್ದು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ ಕೊಟ್ಟಿದ್ದೀವಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು ಅಂತ ಎಲ್ಲರಿಗೂ ಗೊತ್ತು. ನೋಂದಾಯಿಸೋಕೆ ಹೋಗುವಾಗ ಆಧಾರ್ ಜೊತೆ ಪಹಣಿ, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ನೋಡ್ಕೊಂಡೇ ಹೋಗಿ.